ದೀಪ ಹೊತ್ತದಿದ್ದರೆ ಏನರ್ಥ? ಕೈ ವೋಲ್ಟೇಜ್ ಟೆಸ್ಟರನ್ನು ಸುರಕ್ಷಿತವಾಗಿ ಬಳಸುವ ಸಮಗ್ರ ಮಾರ್ಗದರ್ಶಿ

ತಂತಿಯೊಂದರಲ್ಲಿ ವಿದ್ಯುತ್ ಇದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಮುಟ್ಟಿದರೆ ಗೊತ್ತಾಗುತ್ತದೆ ನಿಜ. ಆದರೆ ಹಾಗೆ ಗೊತ್ತುಮಾಡಿಕೊಂಡವರೆಲ್ಲರೂ ಅದನ್ನು ಹೇಳಲು ಉಳಿಯುವುದಿಲ್ಲ. ಆ ಮುಟ್ಟುವ ಕೆಲಸವನ್ನು ನಮ್ಮ ಪರವಾಗಿ ಮಾಡಲೆಂದೇ ಟೆಸ್ಟರ್ ಇರುವುದು. ಈ ಸಾಧನ ಕೊಡುವ ಉತ್ತರಗಳು ಎರಡೇ: ದೀಪ ಹೊತ್ತುತ್ತದೆ, ಇಲ್ಲವೇ ಹೊತ್ತುವುದಿಲ್ಲ. ಬಹುಪಾಲು ಜನ ಇವೆರಡನ್ನೂ ಸಮನಾಗಿ ನಂಬುತ್ತಾರೆ, ಅಪಾಯ ಹುಟ್ಟುವುದೂ ಅಲ್ಲಿಯೇ. ದೀಪ ಹೊತ್ತಿದಾಗ ನಾವು ತಾನಾಗಿಯೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಆದ್ದರಿಂದ ಆ ಉತ್ತರ ತಪ್ಪಾಗಿದ್ದರೂ ಹಾನಿಯಿಲ್ಲ. ದೀಪ ಹೊತ್ತದಿದ್ದಾಗ ಮಾತ್ರ ಬರಿಗೈಯನ್ನು ಮುಂದೆ ಚಾಚುತ್ತೇವೆ. ವಿದ್ಯುತ್ ಇಲ್ಲದಿರುವುದರಿಂದ ದೀಪ ಹೊತ್ತಲಿಲ್ಲವೋ, ಟೆಸ್ಟರೇ ಕೆಟ್ಟಿದೆಯೋ, ನಾವು ನಿಂತ ಜಾಗದ ದೋಷವೋ ಎಂದು ಬೇರ್ಪಡಿಸಿ ತಿಳಿಯುವುದೇ ಟೆಸ್ಟರ್ ಬಳಕೆಯ ನಿಜವಾದ ಕೌಶಲ. ಕೆಳಗಿನ ಹಂತಗಳೆಲ್ಲವೂ ಆ ‘ಇಲ್ಲ’ ಎಂಬ ಉತ್ತರವನ್ನು ನಂಬಲರ್ಹವಾಗಿಸುವುದಕ್ಕಾಗಿ ಇವೆ.

ನಿಮ್ಮ ಕೈಯಲ್ಲಿರುವುದು ಯಾವ ಟೆಸ್ಟರ್?

ಹೆಸರು ಒಂದೇ ಆದರೂ ಟೆಸ್ಟರುಗಳು ಕೆಲಸ ಮಾಡುವ ಬಗೆ ಬೇರೆ ಬೇರೆ. ಎಲ್ಲರಿಗೂ ಪರಿಚಿತವಾದುದು ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರ್. ಅದರ ಹಿಡಿಕೆಯೊಳಗೆ ಒಂದು ಪುಟ್ಟ ನಿಯಾನ್ ದೀಪವೂ, ಅದಕ್ಕೆ ಸರಣಿಯಲ್ಲಿ ಜೋಡಿಸಿದ, ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸಿನ ರೆಸಿಸ್ಟರೂ (ವಿದ್ಯುತ್ ಹರಿವನ್ನು ತಡೆದು ಕಡಿಮೆ ಮಾಡುವ ಬಿಡಿಭಾಗ) ಇರುತ್ತವೆ. ತುದಿಯನ್ನು ಫೇಸ್ ತಂತಿಗೆ, ಅಂದರೆ ವಿದ್ಯುತ್ತನ್ನು ಹೊತ್ತು ತರುವ ತಂತಿಗೆ ತಾಗಿಸಿ ಹಿಂಬದಿಯ ಲೋಹದ ಟೋಪಿಯನ್ನು ಬೆರಳಿನಿಂದ ಮುಟ್ಟಿದಾಗ, ವಿದ್ಯುತ್ತು ರೆಸಿಸ್ಟರ್, ದೀಪ ಮತ್ತು ನಮ್ಮ ದೇಹವನ್ನು ದಾಟಿ ಭೂಮಿಯನ್ನು ಸೇರುತ್ತದೆ. ಅಂದರೆ ಈ ಟೆಸ್ಟರಿನ ಸರ್ಕ್ಯೂಟ್ ಪೂರ್ಣವಾಗುವುದೇ ನಮ್ಮ ಮೂಲಕ. 230 ವೋಲ್ಟ್ ಪೂರೈಕೆಯಲ್ಲಿ 1 ಮೆಗಾಓಮ್ ದಾಟಿ ಹರಿಯುವುದು ಹೆಚ್ಚೆಂದರೆ 0.23 ಮಿಲಿಆಂಪಿಯರ್. ಮನುಷ್ಯನಿಗೆ ಜುಮ್ಮೆನ್ನುವ ಅನುಭವವಾಗಲು ಸುಮಾರು 0.5 ಮಿಲಿಆಂಪಿಯರ್ ಬೇಕಾಗುವುದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಹೋಲಿಕೆಗೆ ಹೇಳುವುದಾದರೆ, 10 ಮಿಲಿಆಂಪಿಯರ್ ಹೊತ್ತಿಗೆ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರಬಹುದು. 30 ಮಿಲಿಆಂಪಿಯರ್ ಮೀರಿ ಕೆಲವು ಕ್ಷಣ ಹರಿದರೆ ಹೃದಯದ ಲಯಕ್ಕೇ ಅಪಾಯ. ಈ ಎರಡು ಸ್ಥಿತಿಗಳಿಂದ ನಮ್ಮನ್ನು ದೂರವಿಟ್ಟಿರುವುದು ಅಕ್ಕಿಕಾಳಿನಷ್ಟು ದೊಡ್ಡದಾದ ಆ ರೆಸಿಸ್ಟರ್ ಒಂದೇ ಎಂಬುದನ್ನು ಮರೆಯಬಾರದು. ಹಿಡಿಕೆಯೊಳಗೆ ನೀರು ಸೇರಿ ಆ ರೆಸಿಸ್ಟರಿಗೆ ಅಡ್ಡದಾರಿಯೊಂದು ಸಿಕ್ಕಿತೆಂದರೆ ಟೆಸ್ಟರ್ ಹಿಡಿಯುವುದಕ್ಕೂ ತಂತಿಯನ್ನೇ ಹಿಡಿಯುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಎರಡನೆಯದು ಪೆನ್ನಿನಂತಿರುವ, ತಂತಿಯನ್ನು ಮುಟ್ಟದೆಯೇ ಬೀಪ್ ಎನ್ನುವ ಸಂಪರ್ಕರಹಿತ ಟೆಸ್ಟರ್. ಇದು ಅಳೆಯುವುದು ವೋಲ್ಟೇಜನ್ನಲ್ಲ, ಪರ್ಯಾಯ ವಿದ್ಯುತ್ತು ತನ್ನ ಸುತ್ತ ಹುಟ್ಟಿಸುವ ವಿದ್ಯುತ್ ಕ್ಷೇತ್ರವನ್ನು. ಮೂರನೆಯದು ಎರಡು ಮೊನೆಗಳನ್ನು ಕೇಬಲಿನಿಂದ ಜೋಡಿಸಿರುವ ಟೆಸ್ಟರ್. ಎರಡು ಬಿಂದುಗಳ ನಡುವಿನ ವೋಲ್ಟೇಜನ್ನು ಇದು 12, 24, 50, 120, 230, 400 ಎಂಬಂತೆ ಮೆಟ್ಟಿಲು ಮೆಟ್ಟಿಲಾಗಿ ಎಲ್‌ಇಡಿಗಳಲ್ಲಿ ತೋರಿಸುತ್ತದೆ. ಇಂತಹ ಟೆಸ್ಟರುಗಳಿಗೆ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ರೂಪಿಸಿದ 61243-3 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಮಲ್ಟಿಮೀಟರನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ, ಆದರೆ ಅದರ ಡಯಲನ್ನು ತಪ್ಪು ಸ್ಥಾನಕ್ಕೆ ತಿರುಗಿಸಬಹುದು, ತಂತಿಯನ್ನು ತಪ್ಪು ರಂಧ್ರಕ್ಕೆ ಚುಚ್ಚಬಹುದು. ಆಂಪಿಯರ್ ಅಳೆಯುವ ರಂಧ್ರದಲ್ಲಿ ತಂತಿಯನ್ನು ಬಿಟ್ಟು ಮರೆತು ಫೇಸ್ ಮತ್ತು ನ್ಯೂಟ್ರಲಿಗೆ (ವಿದ್ಯುತ್ತು ಹಿಂದಿರುಗುವ ತಂತಿಗೆ) ಮೊನೆಗಳನ್ನು ತಾಗಿಸಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ವಿದ್ಯುತ್ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ, ತಪ್ಪಾಗಿ ಹೊಂದಿಸಲು ಸಾಧ್ಯವೇ ಇಲ್ಲದ ಸಾಧನ ಹೆಚ್ಚು ಯೋಗ್ಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತಂತಿಯನ್ನು ಬರಿಗೈಯಿಂದ ಮುಟ್ಟಿ ಕೆಲಸ ಮಾಡಬೇಕಾದಲ್ಲಿ ಕೊನೆಯ ತೀರ್ಪನ್ನು ಎರಡು ಮೊನೆಯ ಟೆಸ್ಟರಿಗೇ ಬಿಡಬೇಕು. ನಿಯಾನ್ ಟೆಸ್ಟರ್ ಮತ್ತು ಪೆನ್ ಟೆಸ್ಟರುಗಳು ಮೊದಲ ಹುಡುಕಾಟಕ್ಕೆ ಒದಗುವ ಸಾಧನಗಳು. ‘ಇಲ್ಲಿ ವಿದ್ಯುತ್ ಇದೆ’ ಎಂದು ಅವು ಎಚ್ಚರಿಸಬಲ್ಲವು; ‘ಇಲ್ಲಿ ವಿದ್ಯುತ್ ಇಲ್ಲ’ ಎಂದು ಪ್ರಮಾಣ ಮಾಡಿ ಹೇಳಲಾರವು.

ಮೈಮೇಲಿನ ಬರಹವನ್ನು ಓದುವುದು

ಒಳ್ಳೆಯ ಟೆಸ್ಟರಿನ ಮೇಲೆ ವೋಲ್ಟೇಜಿನ ಮಿತಿಯೊಂದಿಗೆ ‘ಕ್ಯಾಟ್’ ಎಂಬ ಅಕ್ಷರಗಳೂ ಅದರ ಮುಂದೆ ರೋಮನ್ ಅಂಕಿಯೊಂದೂ ಇರುತ್ತವೆ. ಇದು ಐಇಸಿ 61010 ಮಾನದಂಡದ ಅಳತೆ ವರ್ಗ. ಸಾಕೆಟ್ಟಿಗೆ ಪ್ಲಗ್ ಚುಚ್ಚಿ ಬಳಸುವ ಉಪಕರಣಗಳ ಮಟ್ಟಕ್ಕೆ ಕ್ಯಾಟ್ 2, ಕಟ್ಟಡದೊಳಗಿನ ಸ್ಥಿರ ವೈರಿಂಗ್ ಮತ್ತು ವಿತರಣಾ ಬೋರ್ಡಿಗೆ ಕ್ಯಾಟ್ 3, ಮೀಟರ್ ಹಾಗೂ ಹೊರಗಿನಿಂದ ಪೂರೈಕೆ ಒಳಬರುವ ಜಾಗಕ್ಕೆ ಕ್ಯಾಟ್ 4 ಬೇಕು. ಎಲ್ಲ ಕಡೆ ಇರುವುದು ಅದೇ 230 ವೋಲ್ಟ್ ತಾನೇ, ವರ್ಗವೇಕೆ ಎಂಬ ಪ್ರಶ್ನೆ ಸಹಜ. ಸಿಡಿಲು ಬಡಿದಾಗ ಅಥವಾ ದೊಡ್ಡ ಮೋಟಾರೊಂದು ಆಫ್ ಆದಾಗ ತಂತಿಗಳಲ್ಲಿ ಕ್ಷಣಕಾಲ ಸಾವಿರಾರು ವೋಲ್ಟುಗಳ ಅಲೆಯೊಂದು ಓಡುತ್ತದೆ. ಪೂರೈಕೆಯ ಮೂಲಕ್ಕೆ ಹತ್ತಿರವಾದಷ್ಟೂ ಆ ಅಲೆ ಪ್ರಬಲ, ಅದರ ಹಿಂದಿರುವ ಶಕ್ತಿಯೂ ಅಧಿಕ. 600 ವೋಲ್ಟಿನ ಕ್ಯಾಟ್ 3 ಉಪಕರಣ 6000 ವೋಲ್ಟಿನ ಇಂತಹ ಹೊಡೆತವನ್ನು ತಾಳುವಂತೆ ಪರೀಕ್ಷೆಗೊಳಗಾಗಿರುತ್ತದೆ. ಕ್ಯಾಟ್ 2 ಉಪಕರಣಕ್ಕೆ ಅದು 4000 ವೋಲ್ಟ್ ಮಾತ್ರ. ತಾಳಲಾರದ ಉಪಕರಣದೊಳಗೆ ಕಿಡಿ ಹಾರಿ, ಆ ಕಿಡಿಯ ದಾರಿಯಲ್ಲಿಯೇ ಮುಖ್ಯ ಪೂರೈಕೆಯ ವಿದ್ಯುತ್ತು ನುಗ್ಗಿದರೆ ಟೆಸ್ಟರ್ ಕೈಯಲ್ಲೇ ಸಿಡಿಯಬಹುದು. ಆದ್ದರಿಂದ ಯಾವ ವರ್ಗವೂ ನಮೂದಾಗಿರದ ಅಗ್ಗದ ಟೆಸ್ಟರನ್ನು ವಿತರಣಾ ಬೋರ್ಡಿನ ಹತ್ತಿರಕ್ಕೂ ಒಯ್ಯಬೇಡಿ.

ಮೊನೆಗಳ ವಿಚಾರವೂ ಮುಖ್ಯ. ಹೊರಗೆ ಕಾಣುವ ಲೋಹ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. 4 ಮಿಲಿಮೀಟರಿಗಿಂತ ಹೆಚ್ಚು ಲೋಹ ತೆರೆದಿರಬಾರದು, 2 ಮಿಲಿಮೀಟರ್ ಇದ್ದರೆ ಇನ್ನೂ ಉತ್ತಮ ಎಂಬುದು ವೃತ್ತಿಪರರು ಪಾಲಿಸುವ ಅಳತೆ. ಉದ್ದದ ಬರಿ ಮೊನೆ ಪಕ್ಕಪಕ್ಕದ ಎರಡು ಟರ್ಮಿನಲ್ಲುಗಳನ್ನು ಒಮ್ಮೆಲೇ ಮುಟ್ಟಿದರೆ ಅಲ್ಲೇ ಶಾರ್ಟ್ ಆಗುತ್ತದೆ. ಬೆರಳು ಜಾರಿ ಮುಂದಕ್ಕೆ ಹೋಗದಂತೆ ತಡೆಯುವ ಉಬ್ಬು ಹಿಡಿಕೆಯಲ್ಲಿ ಇರಲೇಬೇಕು. ನಿಯಾನ್ ಟೆಸ್ಟರಿನಲ್ಲಿಯೂ ಕಡ್ಡಿಯ ತುದಿಯವರೆಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಆರಿಸಿಕೊಳ್ಳಿ.

ಕೆಲಸ ಶುರುವಾಗುವ ಮುನ್ನ

ಮೊದಲು ಟೆಸ್ಟರನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ. ಹಿಡಿಕೆಯಲ್ಲಿ ಬಿರುಕು, ಒಳಗೆ ತೇವದ ಮಸುಕು, ಹೊದಿಕೆಯಲ್ಲಿ ಸೀಳು, ಕೇಬಲಿನಲ್ಲಿ ಗಾಯ, ಸಡಿಲಗೊಂಡ ಮೊನೆ, ಇವುಗಳಲ್ಲಿ ಒಂದು ಕಂಡರೂ ಅದನ್ನು ಟೇಪ್ ಸುತ್ತಿ ಬಳಸದೆ ಎಸೆದುಬಿಡಿ. ನಿಯಾನ್ ಟೆಸ್ಟರನ್ನು ನಿಜವಾದ ಸ್ಕ್ರೂಡ್ರೈವರಿನಂತೆ ಬಿಗಿ ಸ್ಕ್ರೂಗಳಿಗೆ ಬಳಸುವ ಅಭ್ಯಾಸ ಬಹಳ ಮಂದಿಗಿದೆ; ಹಿಡಿಕೆ ಒಳಗಿನಿಂದ ಸೀಳುವುದು, ಒಳಗಿನ ಸ್ಪ್ರಿಂಗ್ ಜಾಗ ತಪ್ಪುವುದು ಹೆಚ್ಚಾಗಿ ಈ ಕಾರಣದಿಂದಲೇ.

ನಂತರ ನಿಮ್ಮನ್ನು ನೀವೇ ನೋಡಿಕೊಳ್ಳಿ. ಕೈ ಒಣಗಿರಬೇಕು, ನಿಂತ ನೆಲ ಒಣಗಿರಬೇಕು, ಕಾಲಲ್ಲಿ ರಬ್ಬರ್ ಅಡಿಯ ಪಾದರಕ್ಷೆ ಇರಬೇಕು, ಉಂಗುರ, ಬಳೆ, ಲೋಹದ ಪಟ್ಟಿಯ ಕೈಗಡಿಯಾರ ತೆಗೆದಿಟ್ಟಿರಬೇಕು. ಒಣ ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆ ಒದ್ದೆ ಚರ್ಮದಲ್ಲಿ ಬಹುಪಾಲು ಕುಸಿದುಹೋಗುತ್ತದೆ. ಬೆವರಿದ ಅಂಗೈಯೂ ಒದ್ದೆ ಅಂಗೈಯೇ. ಸಾಧ್ಯವಾದಷ್ಟೂ ಒಂದೇ ಕೈಯಿಂದ ಕೆಲಸ ಮಾಡಿ, ಇನ್ನೊಂದು ಕೈ ಗೋಡೆ, ನಲ್ಲಿ, ಕಬ್ಬಿಣದ ಬಾಗಿಲು, ಬೋರ್ಡಿನ ಲೋಹದ ಚೌಕಟ್ಟು ಯಾವುದನ್ನೂ ಮುಟ್ಟದಿರಲಿ, ಏಕೆಂದರೆ ಒಂದು ಕೈಯಿಂದ ಒಳಹೊಕ್ಕು ಇನ್ನೊಂದು ಕೈಯಿಂದ ಹೊರಹೋಗುವ ವಿದ್ಯುತ್ತು ಎದೆಯನ್ನು ದಾಟಿಯೇ ಸಾಗುತ್ತದೆ. ಬೆಳಕು ಚೆನ್ನಾಗಿರಲಿ, ಆದರೆ ನಿಯಾನ್ ಟೆಸ್ಟರಿನ ಮೇಲೆ ನೇರ ಬಿಸಿಲು ಬೀಳದಿರಲಿ. ಅದರ ಮಂದವಾದ ಕಿತ್ತಳೆ ಬೆಳಕು ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದು, ಮುಖ್ಯ ಸ್ವಿಚ್ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುವುದು ಒಳ್ಳೆಯದು. ಏನಾದರೂ ಆದರೆ ನಿಮ್ಮನ್ನು ಬರಿಗೈಯಲ್ಲಿ ಎಳೆಯಬಾರದು, ಮೊದಲು ಆ ಸ್ವಿಚ್ಚನ್ನು ಆಫ್ ಮಾಡಬೇಕು ಎಂದು ಅವರಿಗೆ ಮುಂಚೆಯೇ ಹೇಳಿರಿ.

ಆಮೇಲೆ ಪೂರೈಕೆಯನ್ನು ಕಡಿತಗೊಳಿಸಿ. ಗೋಡೆಯ ಮೇಲಿನ ಸ್ವಿಚ್ಚನ್ನು ಆಫ್ ಮಾಡುವುದು ಕಡಿತವಲ್ಲ. ಅದು ಒಂದು ತಂತಿಯನ್ನು ಮಾತ್ರ ಬಿಡಿಸುತ್ತದೆ, ಅದೂ ಸರಿಯಾದ ತಂತಿಯನ್ನೇ ಬಿಡಿಸಿದೆ ಎಂಬ ಖಾತರಿಯಿಲ್ಲ. ಎಂಸಿಬಿಯನ್ನೋ (ವಿತರಣಾ ಬೋರ್ಡಿನಲ್ಲಿರುವ, ವಿದ್ಯುತ್ ಮಿತಿಮೀರಿ ಹರಿದಾಗ ತಾನಾಗಿಯೇ ಬೀಳುವ ಸ್ವಿಚ್) ಮುಖ್ಯ ಸ್ವಿಚ್ಚನ್ನೋ ಆಫ್ ಮಾಡಿ. ಬೋರ್ಡಿನ ಮೇಲೆ ಅಂಟಿಸಿರುವ ಚೀಟಿಯನ್ನು ಸುಳಿವೆಂದು ತೆಗೆದುಕೊಳ್ಳಿ, ಸಾಕ್ಷ್ಯವೆಂದಲ್ಲ. ಬೀಗ ಹಾಕುವ ವ್ಯವಸ್ಥೆಯಿದ್ದರೆ ಬೀಗ ಹಾಕಿ ಕೀಲಿಯನ್ನು ನಿಮ್ಮಲ್ಲೇ ಇರಿಸಿಕೊಳ್ಳಿ. ಹಳೆಯ ಫ್ಯೂಸ್ ಆದರೆ ಅದನ್ನು ಕಿತ್ತು ಜೇಬಿನಲ್ಲಿ ಹಾಕಿಕೊಳ್ಳಿ. ಮನೆಯಲ್ಲಿ ಇನ್ವರ್ಟರ್, ಜನರೇಟರ್ ಅಥವಾ ಸೌರ ಫಲಕ ಇದ್ದರೆ ಮುಖ್ಯ ಸ್ವಿಚ್ ಆಫ್ ಆದ ನಂತರವೂ ಕೆಲವು ತಂತಿಗಳಿಗೆ ಇನ್ನೊಂದು ಕಡೆಯಿಂದ ವಿದ್ಯುತ್ ಬರುತ್ತಲೇ ಇರುತ್ತದೆ. ಇನ್ವರ್ಟರ್ ಇರುವಲ್ಲಿ ಮುಖ್ಯ ಪೂರೈಕೆ ಹೋದ ಕೂಡಲೇ ಅದು ತಾನಾಗಿಯೇ ಚಾಲೂ ಆಗುವುದರಿಂದ, ಮೊದಲು ಅದನ್ನೇ ಆಫ್ ಮಾಡಿ ನಂತರ ಮುಖ್ಯ ಸ್ವಿಚ್ಚಿಗೆ ಹೋಗಿ.

ತಿಳಿದಲ್ಲಿ ನೋಡು, ಬೇಕಾದಲ್ಲಿ ನೋಡು, ಮತ್ತೆ ತಿಳಿದಲ್ಲಿ ನೋಡು

ಈ ಬರಹದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಡುವುದಾದರೆ ಅದು ಇದಾಗಿರಲಿ. ಪರೀಕ್ಷೆ ಮೂರು ಹೆಜ್ಜೆಗಳದು. ಮೊದಲು, ವಿದ್ಯುತ್ ಇರುವುದು ಖಚಿತವಾಗಿ ಗೊತ್ತಿರುವ ಒಂದು ಕಡೆ, ಅಂದರೆ ಆ ಹೊತ್ತಿಗೆ ದೀಪವೋ ಫ್ಯಾನೋ ಓಡುತ್ತಿರುವ ಬೇರೊಂದು ಸಾಕೆಟ್ಟಿನಲ್ಲಿ ಟೆಸ್ಟರ್ ಇಟ್ಟು ಅದು ಸರಿಯಾಗಿ ಸೂಚಿಸುತ್ತಿದೆಯೇ ನೋಡಿ. ಎರಡನೆಯದಾಗಿ, ಕೆಲಸ ಮಾಡಬೇಕಾದ ಜಾಗದಲ್ಲಿ ಪರೀಕ್ಷಿಸಿ. ಮೂರನೆಯದಾಗಿ, ಮೊದಲು ನೋಡಿದ ಆ ಖಚಿತ ಜಾಗಕ್ಕೇ ಹಿಂದಿರುಗಿ ಮತ್ತೊಮ್ಮೆ ನೋಡಿ.

ಮೊದಲ ಹೆಜ್ಜೆಯನ್ನು ಕೆಲವರಾದರೂ ಪಾಲಿಸುತ್ತಾರೆ, ಮೂರನೆಯದನ್ನು ಪಾಲಿಸುವವರು ವಿರಳ. ಆದರೆ ಮೂರನೆಯದಿಲ್ಲದೆ ಮೊದಲನೆಯದು ಅರ್ಧ ಕೆಲಸ. ಬ್ಯಾಟರಿ ನಡುವೆಯೇ ಮುಗಿದಿರಬಹುದು, ಟೆಸ್ಟರ್ ಕೈಜಾರಿ ಬಿದ್ದಾಗ ಒಳಗಿನ ಬೆಸುಗೆ ಬಿಟ್ಟಿರಬಹುದು, ಎರಡು ಮೊನೆಯ ಟೆಸ್ಟರಿನ ಕೇಬಲು ಒಳಗೇ ತುಂಡಾಗಿರಬಹುದು. ಮೂರನೆಯ ಹೆಜ್ಜೆಯಲ್ಲಿ ದೀಪ ಹೊತ್ತಿದರೆ ಮಾತ್ರ ಎರಡನೆಯ ಹೆಜ್ಜೆಯ ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆ ಬರುತ್ತದೆ. ಹೊತ್ತದಿದ್ದರೆ ಎರಡನೆಯ ಹೆಜ್ಜೆ ನಡೆದೇ ಇಲ್ಲವೆಂದು ಭಾವಿಸಬೇಕು. ಇಡೀ ಕಟ್ಟಡದ ಪೂರೈಕೆಯನ್ನೇ ಕಡಿದಿರುವಾಗ ಖಚಿತ ಜಾಗ ಎಲ್ಲಿ ಸಿಗಬೇಕು? ಎರಡು ಮೊನೆಯ ಟೆಸ್ಟರುಗಳನ್ನು ಪರಿಶೀಲಿಸಲೆಂದೇ ಬ್ಯಾಟರಿಯಿಂದ ನಡೆಯುವ ಚಿಕ್ಕ ಪೆಟ್ಟಿಗೆಯಂತಹ ಸಾಧನಗಳಿವೆ. ವೃತ್ತಿಪರರು ಅದನ್ನೇ ಬಳಸುತ್ತಾರೆ. ಪೆನ್ ಟೆಸ್ಟರಿನ ಸ್ವಯಂಪರೀಕ್ಷೆಯ ಗುಂಡಿಯನ್ನು ಇದಕ್ಕೆ ಬದಲಿಯೆಂದು ತಿಳಿಯಬೇಡಿ. ಹಲವು ಟೆಸ್ಟರುಗಳಲ್ಲಿ ಅದು ತಿಳಿಸುವುದು ಬ್ಯಾಟರಿ ಮತ್ತು ದೀಪ ಸರಿಯಾಗಿವೆ ಎಂಬುದನ್ನಷ್ಟೇ.

ನಿಯಾನ್ ಟೆಸ್ಟರಿನಿಂದ ಪರೀಕ್ಷಿಸುವ ಬಗೆ

ಹಿಡಿಕೆಯನ್ನು ಹೆಬ್ಬೆರಳು ಮತ್ತು ನಡುಬೆರಳುಗಳ ನಡುವೆ ಹಿಡಿಯಿರಿ. ಲೋಹದ ಕಡ್ಡಿಗೆ ಯಾವ ಬೆರಳೂ ತಾಗಬಾರದು. ತುದಿಯನ್ನು ಟರ್ಮಿನಲ್ಲಿಗೆ ತಾಗಿಸಿ, ಅಲುಗಾಡದಂತೆ ನಿಲ್ಲಿಸಿ, ಆನಂತರ ತೋರುಬೆರಳಿನಿಂದ ಹಿಂಬದಿಯ ಟೋಪಿಯನ್ನು ಮುಟ್ಟಿ. ದೀಪವನ್ನು ಇನ್ನೊಂದು ಕೈಯಿಂದ ಮರೆಮಾಡಿ ನೋಡುವ ಆಸೆಯಾಗುತ್ತದೆ. ಹಾಗೆ ಮಾಡದೆ ನಿಮ್ಮ ಮೈಯ ನೆರಳೇ ಅದರ ಮೇಲೆ ಬೀಳುವಂತೆ ನಿಂತುಕೊಳ್ಳಿ. ಕೈಗವಸು ಹಾಕಿಕೊಂಡು ಟೋಪಿ ಮುಟ್ಟಿದರೆ ದೀಪ ಹೊತ್ತದು, ಅದರಿಂದ ಏನೂ ಸಿದ್ಧವಾಗದು.

ಇದೇ ದೋಷ ಇನ್ನೂ ಸೂಕ್ಷ್ಮವಾದ ರೂಪದಲ್ಲಿಯೂ ಬರುತ್ತದೆ. ಒಮ್ಮೆ ಒಣ ಮರದ ಏಣಿಯ ಮೇಲೆ, ದಪ್ಪ ರಬ್ಬರ್ ಚಪ್ಪಲಿ ಧರಿಸಿ ಛಾವಣಿಯ ದೀಪದ ಹೋಲ್ಡರನ್ನು ಪರೀಕ್ಷಿಸುತ್ತಿದ್ದಾಗ ನನ್ನ ಟೆಸ್ಟರ್ ಹೊತ್ತಿದೆಯೋ ಇಲ್ಲವೋ ಎಂದು ಹೇಳಲಾಗದಷ್ಟು ಮಂಕಾಗಿತ್ತು. ಇಳಿದು ನೆಲದ ಮೇಲೆ ನಿಂತು ಅದೇ ಸಾಲಿನ ಸ್ವಿಚ್ ಬೋರ್ಡಿನಲ್ಲಿ ನೋಡಿದರೆ ಚೆನ್ನಾಗಿಯೇ ಉರಿಯಿತು. ಟೆಸ್ಟರಿನ ತಪ್ಪೇನಿರಲಿಲ್ಲ, ನನ್ನ ಮೂಲಕ ಭೂಮಿಯನ್ನು ಸೇರಬೇಕಾದ ದಾರಿಯನ್ನು ಏಣಿಯೂ ಚಪ್ಪಲಿಯೂ ಸೇರಿ ಮುಚ್ಚಿದ್ದವು. ನಮ್ಮನ್ನು ಶಾಕಿನಿಂದ ಕಾಯುವ ಒಣ ನೆಲ, ಒಣ ಏಣಿ, ರಬ್ಬರ್ ಪಾದರಕ್ಷೆಗಳೇ ಈ ಟೆಸ್ಟರನ್ನು ಕುರುಡಾಗಿಸುತ್ತವೆ ಎಂಬುದು ಅದರ ವಿನ್ಯಾಸದಲ್ಲಿಯೇ ಅಡಗಿರುವ ವಿರೋಧಾಭಾಸ. ಅದಕ್ಕೆಂದು ಬರಿಗಾಲಿನಲ್ಲಿ ನಿಲ್ಲಬೇಡಿ. ಬೇರೆ ಬಗೆಯ ಟೆಸ್ಟರ್ ತನ್ನಿ.

ನಿಯಾನ್ ದೀಪ ಹೊತ್ತಲು 60ರಿಂದ 90 ವೋಲ್ಟುಗಳಷ್ಟಾದರೂ ಬೇಕು. ಅದಕ್ಕಿಂತ ಕಡಿಮೆ ವೋಲ್ಟೇಜ್ ಇದ್ದರೆ ಅದು ಸುಮ್ಮನಿರುತ್ತದೆ. 120 ವೋಲ್ಟ್ ಪೂರೈಕೆ ಇರುವ ದೇಶಗಳಲ್ಲಿ ಅದರ ಬೆಳಕು ಇನ್ನಷ್ಟು ಕ್ಷೀಣ. ಅದು ನ್ಯೂಟ್ರಲ್ ಇದೆಯೇ ಎಂದಾಗಲೀ, ಅರ್ಥಿಂಗ್ ಸರಿಯಿದೆಯೇ ಎಂದಾಗಲೀ ಹೇಳಲಾರದು. ‘ಟೆಸ್ಟರ್ ಹೊತ್ತುತ್ತಿದೆ, ಆದರೆ ಫ್ಯಾನ್ ತಿರುಗುತ್ತಿಲ್ಲ’ ಎಂಬ ದೂರಿನಲ್ಲಿ ಹಲವು ಸಲ ಕೈಕೊಟ್ಟಿರುವುದು ನ್ಯೂಟ್ರಲ್.

ಪೆನ್ ಟೆಸ್ಟರಿನ ವಿಷಯ

ಪೆನ್ ಟೆಸ್ಟರಿನ ತುದಿಯನ್ನು ತಂತಿಯ ಹೊದಿಕೆಯ ಮೇಲೆ ಇಟ್ಟು, ತಂತಿಯ ಸುತ್ತಲೂ ಮತ್ತು ಉದ್ದಕ್ಕೂ ನಿಧಾನವಾಗಿ ಸರಿಸಿ. ಫೇಸ್ ಮತ್ತು ನ್ಯೂಟ್ರಲ್ ಒಂದೇ ಹೊದಿಕೆಯಲ್ಲಿ ಹೆಣೆದುಕೊಂಡಿರುವಾಗ ಒಂದು ಬದಿಯಲ್ಲಿ ಬೀಪ್ ಬಂದು ಇನ್ನೊಂದು ಬದಿಯಲ್ಲಿ ಬಾರದಿರುವುದು ಸಾಮಾನ್ಯ. ಮೂರು ಫೇಸಿನ ಕೇಬಲಿನಲ್ಲಿ ಕ್ಷೇತ್ರಗಳು ಒಂದನ್ನೊಂದು ಅಳಿಸಿ ಹಾಕಿ, ಪೂರ್ಣ ವಿದ್ಯುತ್ ಇದ್ದರೂ ಟೆಸ್ಟರ್ ಮೌನವಾಗಿರಬಹುದು. ತಂತಿ ಲೋಹದ ಕೊಳವೆಯೊಳಗೆ ಅಥವಾ ಲೋಹದ ಕವಚದ ಕೇಬಲಿನೊಳಗೆ ಇದ್ದರೆ ಕ್ಷೇತ್ರ ಹೊರಗೇ ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ವಿದ್ಯುತ್ ಇಲ್ಲದ ತಂತಿಯ ಪಕ್ಕದಲ್ಲಿ ವಿದ್ಯುತ್ ಇರುವ ತಂತಿಯೊಂದು ಹಾದುಹೋಗಿದ್ದರೆ ಸುಮ್ಮನೆ ಕೂಗುತ್ತದೆ. ಬಟ್ಟೆಗೆ ಉಜ್ಜಿದರೂ ಸ್ಥಿರ ವಿದ್ಯುತ್ತಿನಿಂದ ಕ್ಷಣಕಾಲ ಮಿನುಗಬಲ್ಲದು. ಇದಕ್ಕೂ ಹಿಡಿದವರ ದೇಹ ಭೂಮಿಯೊಂದಿಗೆ ಒಂದಿಷ್ಟು ಸಂಬಂಧದಲ್ಲಿರುವುದು ಬೇಕು, ಹಾಗಾಗಿ ಎತ್ತರದ ಏಣಿಯ ಮೇಲೆ ಇದೂ ಮಂಕಾಗುತ್ತದೆ. ಬ್ಯಾಟರಿಯಂತಹ ನೇರ ವಿದ್ಯುತ್ತಿನ ಮುಂದೆ ಇದು ಸಂಪೂರ್ಣ ನಿರುಪಯೋಗಿ.

ಇಷ್ಟೆಲ್ಲ ಕೊರತೆಯಿದ್ದರೂ ಬೋರ್ಡಿನ ಮುಚ್ಚಳ ತೆಗೆಯುವ ಮುನ್ನ ಮೊದಲು ಎತ್ತಿಕೊಳ್ಳಬೇಕಾದದ್ದು ಇದನ್ನೇ ಎಂದು ನಾನು ಹೇಳುತ್ತೇನೆ. ಯಾವ ಲೋಹವನ್ನೂ ಮುಟ್ಟದೆ ಅಪಾಯದ ಮೊದಲ ಸುಳಿವು ಕೊಡುವ ಅನುಕೂಲ ಬೇರೆ ಯಾವ ಟೆಸ್ಟರಿಗೂ ಇಲ್ಲ.

ಎರಡು ಮೊನೆಯ ಟೆಸ್ಟರಿನಿಂದ ಖಚಿತಪಡಿಸುವುದು

ಇಲ್ಲಿ ನಿಮ್ಮ ದೇಹ ಸರ್ಕ್ಯೂಟಿನ ಭಾಗವಲ್ಲ, ಅದೇ ಇದರ ಹಿರಿಮೆ. ಒಂದು ಮೊನೆಯನ್ನು ಮೊದಲು ಅರ್ಥಿಂಗ್ ಅಥವಾ ನ್ಯೂಟ್ರಲಿಗೆ ತಾಗಿಸಿ, ಆಮೇಲೆ ಇನ್ನೊಂದನ್ನು ಫೇಸಿಗೆ ತಾಗಿಸಿ. ತೆಗೆಯುವಾಗ ಫೇಸಿನ ಮೊನೆಯನ್ನು ಮೊದಲು ತೆಗೆಯಿರಿ. ಎರಡೂ ಮೊನೆಗಳನ್ನು ಒಂದೇ ಕೈಯಲ್ಲಿ ಹಿಡಿಯಬಹುದಾದ, ನಡುವಿನ ಅಂತರವನ್ನು ಹೊಂದಿಸಿ ಕೊಂಡಿ ಹಾಕಬಹುದಾದ ಟೆಸ್ಟರುಗಳೂ ಇವೆ.

ಒಂದೇ ಫೇಸಿನ ಸರ್ಕ್ಯೂಟಿನಲ್ಲಿ ಮೂರು ಜೋಡಿಗಳನ್ನು ನೋಡಬೇಕು: ಫೇಸ್ ಮತ್ತು ನ್ಯೂಟ್ರಲ್, ಫೇಸ್ ಮತ್ತು ಅರ್ಥಿಂಗ್, ನ್ಯೂಟ್ರಲ್ ಮತ್ತು ಅರ್ಥಿಂಗ್. ಮೊದಲ ಜೋಡಿಯನ್ನಷ್ಟೇ ನೋಡಿ ನಿಲ್ಲಿಸುವುದು ದೊಡ್ಡ ತಪ್ಪು. ನ್ಯೂಟ್ರಲ್ ಎಲ್ಲೋ ತುಂಡಾಗಿದ್ದರೆ ಫೇಸಿನಲ್ಲಿ ಪೂರ್ಣ 230 ವೋಲ್ಟ್ ಇದ್ದರೂ ಆ ಜೋಡಿ ಸೊನ್ನೆ ತೋರಿಸುತ್ತದೆ. ಎರಡನೆಯ ಜೋಡಿ ಮಾತ್ರ ನಿಜವನ್ನು ಬಯಲಿಗೆಳೆಯುತ್ತದೆ. ಅದೂ ಅರ್ಥಿಂಗ್ ತಂತಿ ನಿಜವಾಗಿಯೂ ಭೂಮಿಯನ್ನು ಮುಟ್ಟಿದ್ದರೆ. ಆದ್ದರಿಂದ ಪೂರೈಕೆ ಕಡಿಯುವ ಮುನ್ನವೇ ಈ ಮೂರೂ ಜೋಡಿಗಳನ್ನು ನೋಡಿ, ಮೊದಲೆರಡರಲ್ಲಿ 230 ವೋಲ್ಟ್, ಮೂರನೆಯದರಲ್ಲಿ ಬಹುತೇಕ ಸೊನ್ನೆ ಬರುತ್ತಿದೆಯೇ ಎಂದು ಗಮನಿಸಿಟ್ಟುಕೊಂಡರೆ, ನಂತರದ ಸೊನ್ನೆಯನ್ನು ನಿಶ್ಚಿಂತೆಯಿಂದ ನಂಬಬಹುದು. ಮೂರು ಫೇಸಿನ ಬೋರ್ಡಿನಲ್ಲಿ ಫೇಸುಗಳ ನಡುವೆ ಮೂರು, ಪ್ರತಿ ಫೇಸಿನಿಂದ ನ್ಯೂಟ್ರಲಿಗೆ ಮೂರು, ಅರ್ಥಿಂಗಿಗೆ ಮೂರು, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದು, ಒಟ್ಟು ಹತ್ತು ಪರೀಕ್ಷೆಗಳಾಗುತ್ತವೆ. ಹತ್ತೂ ಬೇಕು.

ಬಣ್ಣವನ್ನು ನೋಡಿ ತಂತಿಯನ್ನು ನಿರ್ಧರಿಸಬೇಡಿ. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಕಪ್ಪು ತಂತಿ ನ್ಯೂಟ್ರಲ್ ಆಗಿದ್ದರೆ ಅಮೆರಿಕದಲ್ಲಿ ಕಪ್ಪು ಎಂದರೆ ಫೇಸ್. ಒಂದೇ ಪದ್ಧತಿಯ ಮನೆಯಲ್ಲಿಯೂ ಅಂದು ಕೈಗೆ ಸಿಕ್ಕಿದ ಬಣ್ಣದ ತಂತಿ ಎಳೆದವರು ಇದ್ದೇ ಇರುತ್ತಾರೆ.

ಗೊಂದಲ ಹುಟ್ಟಿಸುವ ಸೂಚನೆಗಳು

ಸಾಕೆಟ್ಟಿನ ಎರಡೂ ರಂಧ್ರಗಳಲ್ಲಿ ನಿಯಾನ್ ಟೆಸ್ಟರ್ ಹೊತ್ತಿದರೆ ಎರಡು ಫೇಸ್ ಬಂದಿದೆಯೆಂದು ಜನ ಗಾಬರಿಯಾಗುತ್ತಾರೆ. ‘ರಿಟರ್ನ್ ಬರುತ್ತಿದೆ’ ಎಂದು ಕೆಲಸಗಾರರು ಹೇಳುವುದೂ ಇದನ್ನೇ. ಬಹುತೇಕ ಸಂದರ್ಭಗಳಲ್ಲಿ ಕಾರಣ ತುಂಡಾದ ನ್ಯೂಟ್ರಲ್. ಆನ್ ಆಗಿರುವ ಯಾವುದೋ ದೀಪದ ಅಥವಾ ಫ್ಯಾನಿನ ಮೂಲಕ ಹಾದುಬಂದ ಫೇಸ್, ಹಿಂದಿರುಗುವ ದಾರಿ ಕಾಣದೆ ನ್ಯೂಟ್ರಲ್ ತಂತಿಯಲ್ಲಿಯೇ ನಿಂತಿರುತ್ತದೆ. ಎಲ್ಲ ಉಪಕರಣಗಳನ್ನೂ ಬಿಡಿಸಿದಾಗ ಎರಡನೆಯ ರಂಧ್ರದ ಬೆಳಕು ಆರಿಹೋದರೆ ಈ ಊಹೆ ಬಲಗೊಳ್ಳುತ್ತದೆ. ಆ ನ್ಯೂಟ್ರಲನ್ನು ಫೇಸ್ ಎಂದೇ ಎಣಿಸಿ ವ್ಯವಹರಿಸಿ. ಮೂರು ಫೇಸಿನ ಪೂರೈಕೆಯಲ್ಲಿ ಮುಖ್ಯ ನ್ಯೂಟ್ರಲ್ ಕಳಚಿದರಂತೂ ಹೊರೆ ಕಡಿಮೆಯಿರುವ ಫೇಸಿನ ವೋಲ್ಟೇಜ್ 400ರ ಕಡೆಗೆ ಏರಿ ಉಪಕರಣಗಳು ಸುಟ್ಟುಹೋಗಬಹುದು. ಅಲ್ಲಿ ಪರೀಕ್ಷೆ ಮುಂದುವರಿಸದೆ ಮುಖ್ಯ ಸ್ವಿಚ್ ಆಫ್ ಮಾಡಿ.

ಸ್ವಿಚ್ ಆಫ್ ಮಾಡಿದ ಮೇಲೂ ದೀಪದ ಹೋಲ್ಡರಿನಲ್ಲಿ ಟೆಸ್ಟರ್ ಪ್ರಕಾಶಮಾನವಾಗಿ ಹೊತ್ತುತ್ತಿದ್ದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಜೋಡಿಸಿದ್ದಾರೆಂದು ಶಂಕಿಸಿ. ಮಂದವಾಗಿ ಹೊತ್ತುತ್ತಿದ್ದರೆ ಅದು ಪಕ್ಕದ ತಂತಿಯಿಂದ ಹಾರಿಬಂದ ಪ್ರೇರಿತ ವೋಲ್ಟೇಜ್ ಇರಬಹುದು. ಉದ್ದಕ್ಕೆ ಜೊತೆಯಾಗಿ ಸಾಗಿದ ತಂತಿಗಳಲ್ಲಿ ಇದು ಸಾಮಾನ್ಯ. 10 ಮೆಗಾಓಮ್ ಪ್ರತಿರೋಧದ ಡಿಜಿಟಲ್ ಮಲ್ಟಿಮೀಟರ್ ಇದನ್ನು ಹತ್ತಾರು ವೋಲ್ಟುಗಳೆಂದು ತೋರಿಸಿ ದಾರಿ ತಪ್ಪಿಸುತ್ತದೆ. ಕೆಲವು ಎರಡು ಮೊನೆಯ ಟೆಸ್ಟರುಗಳಲ್ಲಿ ಇರುವ, ಒತ್ತಿದಾಗ ಹೆಚ್ಚು ವಿದ್ಯುತ್ತನ್ನು ಎಳೆಯುವ ಹೊರೆಗುಂಡಿಗಳನ್ನು ಬಳಸಿದರೆ ಪ್ರೇರಿತ ವೋಲ್ಟೇಜ್ ಕುಸಿದುಬೀಳುತ್ತದೆ, ನಿಜವಾದ ವೋಲ್ಟೇಜ್ ಕದಲುವುದಿಲ್ಲ. ಫೇಸ್ ಮತ್ತು ಅರ್ಥಿಂಗ್ ನಡುವೆ ಹೀಗೆ ಒತ್ತಿದರೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ (ವಿದ್ಯುತ್ತು ಭೂಮಿಗೆ ಸೋರಿದಾಗ ಪೂರೈಕೆ ಕಡಿಯುವ ಸ್ವಿಚ್) ಟ್ರಿಪ್ ಆಗಿ ಆ ಸಾಲಿನ ಕಂಪ್ಯೂಟರ್, ವೈದ್ಯಕೀಯ ಉಪಕರಣಗಳೆಲ್ಲ ನಿಂತುಹೋಗಬಹುದು, ಮುಂಚಿತವಾಗಿ ನೋಡಿಕೊಳ್ಳಿ.

ಉಪಕರಣದ ಲೋಹದ ಮೈಗೆ ಟೆಸ್ಟರ್ ಇಟ್ಟಾಗ ಹೊತ್ತುವುದು ಇನ್ನೊಂದು ಪ್ರಕರಣ. ಕಂಪ್ಯೂಟರಿನಂತಹ ಉಪಕರಣಗಳ ಒಳಗೆ, ವಿದ್ಯುತ್ತಿನಲ್ಲಿ ಬೆರೆತ ಅನಗತ್ಯ ಏರಿಳಿತಗಳನ್ನು ಸೋಸುವ ಪುಟ್ಟ ಕೆಪಾಸಿಟರುಗಳು (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ಫೇಸ್ ಮತ್ತು ಲೋಹದ ಮೈ ನಡುವೆ, ನ್ಯೂಟ್ರಲ್ ಮತ್ತು ಲೋಹದ ಮೈ ನಡುವೆ ಇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅವುಗಳ ಕಾರಣದಿಂದ ಮೈಮೇಲೆ ಪೂರೈಕೆಯ ಅರ್ಧದಷ್ಟು ವೋಲ್ಟೇಜ್ ತೇಲುತ್ತಿರುತ್ತದೆ. ಆದರೆ ನಿರೋಧಕ ಹಾಳಾಗಿ ಫೇಸ್ ನೇರವಾಗಿ ಮೈಗೆ ತಾಗಿದ್ದರೂ ನಿಯಾನ್ ದೀಪ ಅದೇ ರೀತಿ ಹೊತ್ತುತ್ತದೆ. ಎರಡನ್ನೂ ಬೇರ್ಪಡಿಸುವ ಬುದ್ಧಿ ಅದಕ್ಕಿಲ್ಲ. ಮೊದಲನೆಯದು ನಿರುಪದ್ರವಿ ಎಂದು ನೀವೇ ತೀರ್ಮಾನಿಸದೆ, ಪ್ಲಗ್ ಕಿತ್ತು, ಅರ್ಥಿಂಗ್ ಸರಿಪಡಿಸಿ, ಉಪಕರಣವನ್ನು ತಜ್ಞರಿಗೆ ತೋರಿಸಿ.

ಈ ಟೆಸ್ಟರ್ ಹೋಗಬಾರದ ಜಾಗಗಳು

ಕಂಬದ ಮೇಲಿನ ಅಥವಾ ಟ್ರಾನ್ಸ್‌ಫಾರ್ಮರಿನ ಅಧಿಕ ವೋಲ್ಟೇಜ್ ತಂತಿಗಳಿಗೆ ಮನೆಬಳಕೆಯ ಯಾವ ಟೆಸ್ಟರೂ ಸಲ್ಲದು. ಅಲ್ಲಿ ತುದಿ ತಾಗುವ ಮೊದಲೇ ಗಾಳಿಯನ್ನು ಸೀಳಿಕೊಂಡು ಕಿಡಿ ಹಾರಬಲ್ಲದು. ಮೈಕ್ರೋವೇವ್ ಒಲೆಯೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 2000 ವೋಲ್ಟುಗಳ ಆಸುಪಾಸಿನ ನೇರ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಸೌರ ಫಲಕಗಳ ಸಾಲಿನಲ್ಲಿ ಬಿಸಿಲಿರುವಷ್ಟು ಹೊತ್ತೂ ನೂರಾರು ವೋಲ್ಟ್ ನೇರ ವಿದ್ಯುತ್ ಇರುತ್ತದೆ, ಅದನ್ನು ಆಫ್ ಮಾಡುವ ಸ್ವಿಚ್ ಸೂರ್ಯನಲ್ಲಿಲ್ಲ. ಪೆನ್ ಟೆಸ್ಟರ್ ಅದರ ಮುಂದೆ ಸದ್ದೇ ಮಾಡದು. ಈ ಮೂರೂ ಕಡೆ ತರಬೇತಿ ಪಡೆದವರೇ ಕೈಹಾಕಬೇಕು.

ಕೆಲಸದ ನಡುವೆ ಮತ್ತು ನಂತರ

ಟೆಸ್ಟರನ್ನು ಒಣ ಜಾಗದಲ್ಲಿ, ಸುತ್ತಿಗೆ ಇಕ್ಕಳಗಳ ರಾಶಿಯಿಂದ ಬೇರೆಯಾಗಿ ಇರಿಸಿ. ಬ್ಯಾಟರಿಯ ಟೆಸ್ಟರನ್ನು ಬಹುಕಾಲ ಬಳಸದಿದ್ದರೆ ಬ್ಯಾಟರಿಯನ್ನು ತೆಗೆದಿಡಿ. ಸೋರಿದ ದ್ರವ ಒಳಗಿನ ಸಂಪರ್ಕಗಳನ್ನು ತಿಂದುಹಾಕುತ್ತದೆ. ನೀರಿಗೆ ಬಿದ್ದ ನಿಯಾನ್ ಟೆಸ್ಟರನ್ನು ಒಣಗಿಸಿ ಮತ್ತೆ ಬಳಸುವ ಉಳಿತಾಯ ಬೇಡ.

ಪರೀಕ್ಷೆಯ ಫಲಿತಾಂಶಕ್ಕೂ ಆಯುಸ್ಸಿದೆ. ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಸಾಮಾನು ತರಲೆಂದು ಹತ್ತು ನಿಮಿಷ ಹೊರಗೆ ಹೋಗಿ ಬಂದರೂ, ಎಂಸಿಬಿಗೆ ಬೀಗ ಹಾಕಿರದಿದ್ದರೆ ಆ ಫಲಿತಾಂಶ ಹಳತಾಯಿತು. ನೀವಿಲ್ಲದ ಹೊತ್ತಿನಲ್ಲಿ ಯಾರೋ ‘ಇದೇಕೆ ಬಿದ್ದಿದೆ’ ಎಂದು ಅದನ್ನು ಮೇಲಕ್ಕೆ ಎತ್ತಿರಬಹುದು. ಹಿಂತಿರುಗಿದ ಕೂಡಲೇ ತಂತಿಗೆ ಕೈಹಾಕದೆ, ಮೂರು ಹೆಜ್ಜೆಗಳನ್ನೂ ಮತ್ತೆ ಮೊದಲಿನಿಂದ ನಡೆಸಿ.